ಬೇರೆ ನಕ್ಷತ್ರದ ಕಡೆಯಿಂದ ಬಂದದ್ದಾ, ನಮ್ಮ ಸೌರವ್ಯೂಹದ್ದೇನಾ? ನೀವೇ ಲೆಕ್ಕ ಹಾಕಿ ತಿಳಿಯಲು ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ನನ್ನ ಫೋನಿಗೆ ಬಂದ ಫಾರ್ವರ್ಡ್‌ಗಳಲ್ಲಿ ಅರ್ಧಕ್ಕರ್ಧ, ಬೇರೆ ನಕ್ಷತ್ರದ ಕಡೆಯಿಂದ ಬಂದ 3ಐ/ಅಟ್ಲಾಸ್ ಅನ್ನುವ ಧೂಮಕೇತುವಿನ ಬಗ್ಗೆಯೇ ಇದ್ದವು. ಒಂದರಲ್ಲಿ ಅದು ಅನ್ಯಗ್ರಹದವರ ನೌಕೆ, ಇನ್ನೊಂದರಲ್ಲಿ ಅದು ಡಿಸೆಂಬರ್‌ನಲ್ಲಿ ಭೂಮಿಗೆ ಬಡಿಯುತ್ತದೆ. ನಮ್ಮ ದೊಡ್ಡಮ್ಮ ಊರಿನಿಂದ ಫೋನ್ ಮಾಡಿ "ಏನಪ್ಪಾ, ಆಕಾಶದಿಂದ ಅದೇನೋ ಬರ್ತಾ ಇದೆಯಂತೆ, ನಿಜಾನಾ?" ಅಂತ ಕೇಳಿದರು. ಬರ್ತಾ ಇರುವುದು ನಿಜ, ಬಡಿಯುವುದು ಸುಳ್ಳು ಅಂದೆ. "ನಿಂಗೆ ಹೇಗೆ ಗೊತ್ತು?" ಅಂದರು. ಅದು ಸರಿಯಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ದೊಡ್ಡ ಓದು ಬೇಕಿಲ್ಲ. ಒಂದು ಫೋನ್ ಅಥವಾ ಕಂಪ್ಯೂಟರ್, ವರ್ಗಮೂಲ ತೆಗೆಯುವ ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್ ಸಾಕು. ಹತ್ತನೇ ಕ್ಲಾಸಿನ ಗಣಿತ ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಆಗುತ್ತದೆ. ಕೊನೆಯ ಹೊತ್ತಿಗೆ ನೀವು ಮೂರು ಕೆಲಸ ಮಾಡಬಲ್ಲಿರಿ: ಒಂದು ವಸ್ತು ಹೊರಗಿನಿಂದ ಬಂದದ್ದೋ ಅಲ್ಲವೋ ಅಂತ ಹೇಳುವುದು, ಅದು ಎಷ್ಟು ವೇಗದಲ್ಲಿ ಬಂತು ಅಂತ ಲೆಕ್ಕ ಹಾಕುವುದು, ಮತ್ತು ನಿಮ್ಮೂರಿನ ಆಕಾಶದಲ್ಲಿ ಅದು ಎಲ್ಲಿದೆ ಅಂತ ಹುಡುಕುವುದು.

ಹಂತ 1: ಮೊದಲು ಹೆಸರು ಓದಲು ಕಲಿಯಿರಿ

ಹೆಸರಿನಲ್ಲೇ ಅರ್ಧ ಮಾಹಿತಿ ಇರುತ್ತದೆ. ಮುಂದೆ "ಸಿ" ಇದ್ದರೆ ಅದು ಬಹಳ ದೀರ್ಘ ಕಾಲಕ್ಕೊಮ್ಮೆ ಬರುವ ಅಥವಾ ಮತ್ತೆ ಬಾರದ ಧೂಮಕೇತು. "ಪಿ" ಇದ್ದರೆ ಹ್ಯಾಲಿಯ ಹಾಗೆ ತಿರುಗಿ ತಿರುಗಿ ಬರುವ ಧೂಮಕೇತು. "ಎ" ಅಂದರೆ ಧೂಮಕೇತುವಿನಂಥ ದಾರಿ, ಆದರೆ ಬಾಲವೂ ಇಲ್ಲ, ಸುತ್ತ ಮಂಜಿನಂಥ ಮಸುಕೂ ಇಲ್ಲ. "ಐ" ಅಂದರೆ ಇಂಟರ್‌ಸ್ಟೆಲ್ಲರ್, ಅಂತರತಾರಾ, ಅಂದರೆ ನಕ್ಷತ್ರಗಳ ನಡುವಿನ ಜಾಗದಿಂದ ಬಂದದ್ದು. 2025 ಮುಗಿಯುವವರೆಗೆ ಈ ಐ ಅಕ್ಷರ ಸಿಕ್ಕಿದ್ದು ಮೂರೇ ಮೂರಕ್ಕೆ.

ಮೊದಲನೆಯದು 1ಐ/ಔಮುವಾಮುವಾ. 2017ರ ಅಕ್ಟೋಬರ್ 19ರಂದು ಹವಾಯಿಯ ಹಲೆಯಾಕಲಾ ಪರ್ವತದ ಮೇಲಿರುವ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳಲ್ಲಿ ರಾಬರ್ಟ್ ವೆರಿಕ್ ಅದನ್ನು ಗುರುತಿಸಿದರು. ಹೆಸರು ಹವಾಯಿ ಭಾಷೆಯದು, ದೂರದಿಂದ ಎಲ್ಲರಿಗಿಂತ ಮೊದಲು ಬಂದ ದೂತ ಅನ್ನುವ ಅರ್ಥ. ಇದಕ್ಕೆ ಮೊದಲು ಸಿ, ಆಮೇಲೆ ಎ, ಕೊನೆಗೆ ಐ ಅಂತ ಎರಡು ಸಲ ಅಕ್ಷರ ಬದಲಾಯಿತು. ಐ ಅನ್ನುವ ಗುಂಪನ್ನೇ ಇದಕ್ಕೋಸ್ಕರ ಹೊಸದಾಗಿ ಮಾಡಬೇಕಾಯಿತು.

ಎರಡನೆಯದು 2ಐ/ಬೋರಿಸೋವ್. ಇದರ ಕಥೆ ನನಗೆ ಬಹಳ ಇಷ್ಟ. 2019ರ ಆಗಸ್ಟ್ 30ರಂದು ಕ್ರೈಮಿಯಾದಲ್ಲಿ ಗೆನ್ನಾಡಿ ಬೋರಿಸೋವ್ ಅನ್ನುವ ಹವ್ಯಾಸಿ, ತಾನೇ ಕಟ್ಟಿದ 65 ಸೆಂಟಿಮೀಟರ್ ಕನ್ನಡಿಯ ದೂರದರ್ಶಕದಲ್ಲಿ ಅದನ್ನು ಕಂಡರು. ದೊಡ್ಡ ದೊಡ್ಡ ಸರ್ವೇಗಳು ನೋಡದೆ ಬಿಟ್ಟ ಮೂಲೆಯಲ್ಲಿ, ಮುಂಜಾವಿನ ಆಕಾಶದಲ್ಲಿ, ಸೂರ್ಯನಿಗೆ ಹತ್ತಿರದಲ್ಲಿ ಅವರು ಹುಡುಕುತ್ತಿದ್ದರು. ಸಿಕ್ಕಿಬಿಟ್ಟಿತು.

ಮೂರನೆಯದು 3ಐ/ಅಟ್ಲಾಸ್. 2025ರ ಜುಲೈ 1ರಂದು ಚಿಲಿಯ ರಿಯೋ ಹುರ್ತಾಡೋದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿತು. ಇದಕ್ಕೆ ಸಿ/2025 ಎನ್1 ಅನ್ನುವ ಹೆಸರೂ ಇದೆ. ಎರಡೂ ಒಂದೇ, ಗೊಂದಲ ಬೇಡ.

ಹಂತ 2: ಜೆಪಿಎಲ್ ಡೇಟಾಬೇಸ್ ತೆಗೆದು ನಾಲ್ಕು ಸಂಖ್ಯೆ ಬರೆದುಕೊಳ್ಳಿ

ನಾಸಾದ ಜೆಪಿಎಲ್ ಸಂಸ್ಥೆಯ "ಸ್ಮಾಲ್-ಬಾಡಿ ಡೇಟಾಬೇಸ್ ಲುಕಪ್" ಅಂತ ಒಂದು ಪುಟ ಇದೆ. ಗೂಗಲ್‌ನಲ್ಲಿ ಹುಡುಕಿದರೆ ತಕ್ಷಣ ಸಿಗುತ್ತದೆ. ಉಚಿತ, ಲಾಗಿನ್ ಬೇಕಿಲ್ಲ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 3ಐ ಅಂತ ಟೈಪ್ ಮಾಡಿ. ಒಂದು ದೊಡ್ಡ ಕೋಷ್ಟಕ ಬರುತ್ತದೆ, ಮೊದಲ ಸಲ ನೋಡಿದಾಗ ತಲೆ ತಿರುಗುತ್ತದೆ, ಆದರೆ ನಮಗೆ ಬೇಕಿರುವುದು ನಾಲ್ಕೇ ಸಾಲು.

"ಇ" ಅನ್ನುವುದು ಉತ್ಕೇಂದ್ರತೆ. ದಾರಿಯ ಆಕಾರ ಹೇಳುವ ಸಂಖ್ಯೆ. ಇ ಸೊನ್ನೆ ಆದರೆ ಪೂರ್ತಿ ವೃತ್ತ. ಸೊನ್ನೆಯಿಂದ ಒಂದರ ಒಳಗೆ ಇದ್ದರೆ ದೀರ್ಘವೃತ್ತ, ಅಂದರೆ ಆ ವಸ್ತು ಸೂರ್ಯನಿಗೆ ಕಟ್ಟುಬಿದ್ದಿದೆ. ಸರಿಯಾಗಿ ಒಂದು ಆದರೆ ಪರವಲಯ. ಒಂದಕ್ಕಿಂತ ಜಾಸ್ತಿ ಇದ್ದರೆ ಅತಿಪರವಲಯ, ಅದು ತೆರೆದ ದಾರಿ, ಒಮ್ಮೆ ಹೋದರೆ ಹೋಯಿತು. 3ಐ ಮುಂದೆ 6.14ರ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಭೂಮಿಯದು 0.0167. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

"ಕ್ಯೂ" ಅಂದರೆ ಸೂರ್ಯನಿಗೆ ಅತಿ ಹತ್ತಿರ ಬರುವಾಗ ಇರುವ ದೂರ. ಇದು ಖಗೋಳಮಾನದಲ್ಲಿ ಇರುತ್ತದೆ. ಒಂದು ಖಗೋಳಮಾನ ಅಂದರೆ ಭೂಮಿ ಮತ್ತು ಸೂರ್ಯನ ನಡುವಿನ ಸರಾಸರಿ ದೂರ, 14.96 ಕೋಟಿ ಕಿಲೋಮೀಟರ್. 3ಐಗೆ ಇದು 1.356.

"ಐ" ಅಂದರೆ ಬಾಗು. ಹೆಸರಿನಲ್ಲಿರುವ ಐ ಬೇರೆ, ಇದು ಬೇರೆ. ಭೂಮಿ ಸುತ್ತುವ ತಟ್ಟೆಗೆ ಹೋಲಿಸಿದರೆ ಈ ದಾರಿ ಎಷ್ಟು ಡಿಗ್ರಿ ಓರೆ ಅನ್ನುವುದು. 90ಕ್ಕಿಂತ ಜಾಸ್ತಿ ಇದ್ದರೆ ಗ್ರಹಗಳೆಲ್ಲ ಹೋಗುವ ದಿಕ್ಕಿಗೆ ಎದುರಾಗಿ ಬರುತ್ತಿದೆ ಅಂತ ಅರ್ಥ. 3ಐದು 175 ಡಿಗ್ರಿ, ಅಂದರೆ ಗ್ರಹಗಳ ತಟ್ಟೆಗೆ ಹತ್ತಿರ ಹತ್ತಿರ ಅಂಟಿಕೊಂಡೇ, ಆದರೆ ಒನ್‌ವೇ ರಸ್ತೆಯಲ್ಲಿ ಎದುರಿನಿಂದ ಬಂದಂತೆ.

"ಟಿಪಿ" ಅಂದರೆ ಸೂರ್ಯನಿಗೆ ಅತಿ ಹತ್ತಿರ ಬಂದ ದಿನ. 3ಐಗೆ 2025ರ ಅಕ್ಟೋಬರ್ 29.

ಇದೇ ಕೋಷ್ಟಕದಲ್ಲಿ "ಎ" ಅನ್ನುವ ಸಾಲಿನಲ್ಲಿ ಮೈನಸ್ ಸಂಖ್ಯೆ ಕಾಣುತ್ತದೆ. ಗಾಬರಿ ಬೇಡ. ಅತಿಪರವಲಯಕ್ಕೆ ಹಾಗೇ ಬರೆಯುವುದು ರೂಢಿ. ಮುಂದಿನ ಲೆಕ್ಕದಲ್ಲಿ ಮೈನಸ್ ಬಿಟ್ಟು ಬಳಸುತ್ತೇವೆ.

ಹಂತ 3: ಸಂಖ್ಯೆಯನ್ನು ಎಷ್ಟು ನಂಬಬಹುದು ನೋಡಿ

ಸುಮಾರು ಜನ ತಪ್ಪುವುದು ಇಲ್ಲೇ. ಪ್ರತಿ ಸಂಖ್ಯೆಯ ಪಕ್ಕ ಇನ್ನೊಂದು ಕಾಲಂ ಇರುತ್ತದೆ, ಅದು ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನು ಹೇಳುತ್ತದೆ. ಕೆಳಗೆ ಎಷ್ಟು ದಿನ ಗಮನಿಸಿದ್ದಾರೆ, ಎಷ್ಟು ಅಳತೆ ತೆಗೆದುಕೊಂಡಿದ್ದಾರೆ ಅನ್ನುವುದೂ ಇರುತ್ತದೆ. ಎರಡೇ ರಾತ್ರಿ ನೋಡಿ ಲೆಕ್ಕ ಹಾಕಿದ ಇ 1.5 ಅಂತ ಬಂದರೂ ಅದಕ್ಕೆ ಬೆಲೆ ಕಡಿಮೆ. ಊರಾಚೆ ತಿರುವಿನಲ್ಲಿ ಒಂದು ಬಸ್ಸನ್ನು ಎರಡು ಸೆಕೆಂಡ್ ಮಾತ್ರ ನೋಡಿ ಅದು ಎಲ್ಲಿಂದ ಹೊರಟಿತ್ತು ಅಂತ ಹೇಳಲು ಆಗುತ್ತದಾ? ಅದೇ ಸಮಸ್ಯೆ. ದಿನ ಕಳೆದಂತೆ ದಾರಿಯ ಆಕಾರ ಸ್ಪಷ್ಟವಾಗುತ್ತದೆ.

3ಐ ವಿಷಯದಲ್ಲಿ ಇದು ಬೇಗ ಬಗೆಹರಿಯಿತು, ಯಾಕೆಂದರೆ ಹಳೆಯ ಚಿತ್ರಗಳು ಸಿಕ್ಕವು. ಜುಲೈ 1ಕ್ಕೆ ಪತ್ತೆ ಆದರೂ ಜೂನ್ 14ರ ಚಿತ್ರಗಳಲ್ಲೇ ಅದು ಇತ್ತು, ಯಾರೂ ಗಮನಿಸಿರಲಿಲ್ಲ ಅಷ್ಟೇ. ಹೀಗೆ ಹಿಂದಕ್ಕೆ ಹೋಗಿ ಹಳೆಯ ಚಿತ್ರದಲ್ಲಿ ಹುಡುಕುವುದು ಖಗೋಳಶಾಸ್ತ್ರದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು ಅಂತ ನಾನು ನಂಬುತ್ತೇನೆ.

ಹಂತ 4: ಬಂದ ವೇಗ ಲೆಕ್ಕ ಹಾಕಿ

ಇದು ಇಡೀ ಮಾರ್ಗದರ್ಶಿಯ ಜೀವ. ನಿಧಾನವಾಗಿ ಮಾಡಿ.

ಒಂದು ತಗ್ಗು ರಸ್ತೆ ಕಲ್ಪಿಸಿಕೊಳ್ಳಿ. ತಗ್ಗಿನ ಅಂಚಿನಲ್ಲಿ ಒಂದು ಸೈಕಲ್ ನಿಲ್ಲಿಸಿ, ತಳ್ಳದೆ ಸುಮ್ನೆ ಬಿಟ್ಟರೆ ಅದು ಇಳಿಯುತ್ತಾ ವೇಗ ಪಡೆದು, ಆಚೆ ಏರುತ್ತಾ ವೇಗ ಕಳೆದುಕೊಂಡು, ಎದುರು ಅಂಚಿಗೆ ಹೋಗುವಷ್ಟರಲ್ಲಿ ನಿಂತೇ ಹೋಗುತ್ತದೆ. ಆದರೆ ಒಂದು ಬೈಕ್ ಮೊದಲೇ ಅರವತ್ತರಲ್ಲಿ ಬಂದು ಅದೇ ತಗ್ಗಿಗೆ ಇಳಿದರೆ, ಆಚೆ ಹತ್ತಿದ ಮೇಲೂ ಅದಕ್ಕೆ ಅರವತ್ತರ ವೇಗ ಉಳಿದಿರುತ್ತದೆ. ತಗ್ಗು ಅಂದರೆ ಸೂರ್ಯನ ಗುರುತ್ವ. ನಮ್ಮ ಸೌರವ್ಯೂಹದ ಅಂಚಿನಲ್ಲಿರುವ ಊರ್ಟ್ ಮೋಡ ಅನ್ನುವ ಮಂಜುಗಡ್ಡೆಗಳ ಗುಂಪಿನಿಂದ ಬೀಳುವ ಧೂಮಕೇತುಗಳು ಆ ಸೈಕಲ್ಲಿನ ಹಾಗೆ. ಹೊರಗಿನಿಂದ ಬಂದದ್ದು ಬೈಕಿನ ಹಾಗೆ. ಸೂರ್ಯನಿಂದ ತುಂಬಾ ದೂರ ಇರುವಾಗಲೂ ಉಳಿದಿರುವ ಆ ವೇಗವನ್ನೇ ನಾವು ಹುಡುಕಬೇಕು. ಅದನ್ನು ಅನಂತ ದೂರದ ವೇಗ ಅನ್ನುತ್ತಾರೆ.

ಲೆಕ್ಕ ಎರಡೇ ಸಾಲು. ಮೊದಲು ಕ್ಯೂ ಅನ್ನು ಇ ಮೈನಸ್ 1ರಿಂದ ಭಾಗಿಸಿ. ಬಂದದ್ದರ ವರ್ಗಮೂಲ ತೆಗೆಯಿರಿ. ಆಮೇಲೆ 29.78 ಅನ್ನು ಅದರಿಂದ ಭಾಗಿಸಿ. 29.78 ಎಲ್ಲಿಂದ ಬಂತು ಅಂದರೆ ಅದು ಭೂಮಿ ಸೂರ್ಯನನ್ನು ಸುತ್ತುವ ವೇಗ, ಸೆಕೆಂಡಿಗೆ ಇಷ್ಟು ಕಿಲೋಮೀಟರ್.

3ಐಗೆ ಮಾಡೋಣ. ಇ 6.14, ಅದರಲ್ಲಿ 1 ಕಳೆದರೆ 5.14. ಕ್ಯೂ 1.356 ಅನ್ನು 5.14ರಿಂದ ಭಾಗಿಸಿದರೆ 0.2638. ಕೋಷ್ಟಕದಲ್ಲಿ ಮೈನಸ್ ಜೊತೆ ಕಂಡ "ಎ" ಇದೇ, ಹೋಲಿಸಿ ನೋಡಿ. ವರ್ಗಮೂಲ 0.5136. 29.78 ಅನ್ನು 0.5136ರಿಂದ ಭಾಗಿಸಿದರೆ 58.

ಸೆಕೆಂಡಿಗೆ 58 ಕಿಲೋಮೀಟರ್! ಬೆಂಗಳೂರಿನಿಂದ ಮೈಸೂರಿಗೆ ಎರಡೂವರೆ ಸೆಕೆಂಡ್. ದಿನಕ್ಕೆ 50 ಲಕ್ಷ ಕಿಲೋಮೀಟರ್. ಆದರೂ ಈ ವೇಗದಲ್ಲಿ ಒಂದು ಜ್ಯೋತಿರ್ವರ್ಷ ದಾಟಲು 5,000 ವರ್ಷಕ್ಕಿಂತ ಜಾಸ್ತಿ ಬೇಕು. ಮೊದಲ ಸಲ ಈ ಭಾಗಾಕಾರ ಮಾಡಿದಾಗ ನಾನು ಸ್ವಲ್ಪ ಹೊತ್ತು ಪೆನ್ ಕೆಳಗಿಟ್ಟು ಕೂತಿದ್ದೆ. ಅಷ್ಟು ಓಡುತ್ತಿರುವ ವಸ್ತುವೂ ನಕ್ಷತ್ರಗಳ ನಡುವೆ ತೆವಳುತ್ತಿರುವಂತೆಯೇ.

ಈಗ ಉಳಿದೆರಡನ್ನು ನೀವೇ ಮಾಡಿ. ಬೋರಿಸೋವ್‌ಗೆ ಇ 3.357, ಕ್ಯೂ 2.007. ಉತ್ತರ ಸುಮಾರು 32 ಬರಬೇಕು. ಔಮುವಾಮುವಾಕ್ಕೆ ಇ 1.201, ಕ್ಯೂ 0.256. ಉತ್ತರ ಸುಮಾರು 26. ಇಲ್ಲಿ ಒಂದು ವಿಷಯ ಗಮನಿಸಿದಿರಾ? ಬೋರಿಸೋವ್‌ನ ಇ ಮೂರರ ಮೇಲೆ, ಔಮುವಾಮುವಾದ್ದು ಬರೀ 1.2. ಆದರೆ ವೇಗದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಇಲ್ಲ. ಔಮುವಾಮುವಾ ಸೂರ್ಯನಿಗೆ ಬಹಳ ಹತ್ತಿರ, ಬುಧನ ಕಕ್ಷೆಗಿಂತ ಒಳಗೆ ಹೋಗಿತ್ತು, ಅಲ್ಲಿ ಸೂರ್ಯ ಅದರ ದಾರಿಯನ್ನು ಜೋರಾಗಿ ಬಗ್ಗಿಸಿದ. ಹಾಗಾಗಿ ಇ ಕಡಿಮೆ ಬಂತು. ಇ ದೊಡ್ಡದು ಅಂದಮಾತ್ರಕ್ಕೆ ವೇಗ ಅಷ್ಟೇ ದೊಡ್ಡದು ಅಂತಲ್ಲ. ಸುದ್ದಿಗಳಲ್ಲಿ ಈ ತಪ್ಪು ಬಹಳ ಸಲ ನೋಡಿದ್ದೇನೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು ಅನ್ನುವವರಿಗೆ: ಸೂರ್ಯನ ಹತ್ತಿರ ಬಂದಾಗ ವೇಗ ಎಷ್ಟಾಯಿತು? 42.1 ಅನ್ನು ಕ್ಯೂವಿನ ವರ್ಗಮೂಲದಿಂದ ಭಾಗಿಸಿ, 36.15 ಬರುತ್ತದೆ. ಇದರ ವರ್ಗಕ್ಕೆ 58ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 68. ಅಕ್ಟೋಬರ್ 29ರಂದು ಅದರ ವೇಗ ಸೆಕೆಂಡಿಗೆ 68 ಕಿಲೋಮೀಟರ್ ಅಂತ ಪತ್ರಿಕೆಗಳಲ್ಲಿ ಬಂದದ್ದು ಇದೇ ಲೆಕ್ಕ.

ಹಂತ 5: ಇ ಒಂದಕ್ಕಿಂತ ಜಾಸ್ತಿ ಇದ್ದರೂ ಮೋಸ ಹೋಗಬೇಡಿ

ಸಿ/1980 ಇ1, ಬೊವೆಲ್ ಧೂಮಕೇತು. ಡೇಟಾಬೇಸ್‌ನಲ್ಲಿ ಇದರ ಇ 1.057. ಒಂದಕ್ಕಿಂತ ಜಾಸ್ತಿ! ಹಾಗಾದರೆ ಇದೂ ಹೊರಗಿನದ್ದಾ? ಅಲ್ಲ. ಇದು ನಮ್ಮದೇ. 1980ರ ಡಿಸೆಂಬರ್‌ನಲ್ಲಿ ಇದು ಗುರು ಗ್ರಹದ ಹತ್ತಿರ ಹಾದುಹೋಯಿತು. ಗುರು ಇದನ್ನು ಕವಣೆ ಕಲ್ಲಿನ ಹಾಗೆ ಬೀಸಿ ಎಸೆಯಿತು. ಬರುವಾಗ ಸೂರ್ಯನಿಗೆ ಕಟ್ಟುಬಿದ್ದಿತ್ತು, ಹೋಗುವಾಗ ಬಿಡುಗಡೆ ಆಯಿತು. ಹಂತ 4ರ ಲೆಕ್ಕ ಇದಕ್ಕೆ ಹಾಕಿದರೆ, ಕ್ಯೂ 3.36 ಇಟ್ಟುಕೊಂಡು, ಸೆಕೆಂಡಿಗೆ 4 ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ ಬರುತ್ತದೆ. 26, 32, 58ರ ಪಕ್ಕ ಇಟ್ಟರೆ ಇದು ಬೇರೆಯದೇ ಜಾತಿ ಅಂತ ಗೊತ್ತಾಗುತ್ತದೆ.

ಇನ್ನು ಇ 1.0003, 1.001 ಅಂತ ತೋರಿಸುವ ಧೂಮಕೇತುಗಳು ರಾಶಿ ರಾಶಿ ಇವೆ. ಗ್ರಹಗಳ ಎಳೆತದಿಂದ ಲೆಕ್ಕ ಒಂಚೂರು ಆಚೀಚೆ ಆಗಿ ಒಂದನ್ನು ದಾಟಿರುತ್ತದೆ ಅಷ್ಟೇ. ಅವನ್ನು ಬಿಟ್ಟುಬಿಡಿ.

ಖಚಿತವಾಗಿ ತಿಳಿಯಲು ಒಂದು ದಾರಿ ಇದೆ. ಜೆಪಿಎಲ್‌ನದ್ದೇ "ಹೊರೈಜನ್ಸ್" ಅನ್ನುವ ಪುಟಕ್ಕೆ ಹೋಗಿ. ಅಲ್ಲಿ ಮೊದಲ ಆಯ್ಕೆಯಲ್ಲಿ "ಆಸ್ಕುಲೇಟಿಂಗ್ ಆರ್ಬಿಟಲ್ ಎಲಿಮೆಂಟ್ಸ್" ಆರಿಸಿ. ಕೇಂದ್ರ ಅಂತ ಕೇಳಿದಲ್ಲಿ ಸೂರ್ಯನ ಬದಲು ಇಡೀ ಸೌರವ್ಯೂಹದ ತೂಕದ ಕೇಂದ್ರ ಕೊಡಿ, ಅದಕ್ಕೆ ಅಟ್ ಚಿಹ್ನೆ ಹಾಕಿ ಸೊನ್ನೆ ಬರೆದರೆ ಸಾಕು. ದಿನಾಂಕ ಮಾತ್ರ ಆ ವಸ್ತು ಗ್ರಹಗಳ ಹತ್ತಿರ ಬರುವ ಎಷ್ಟೋ ವರ್ಷ ಮೊದಲಿನದ್ದು ಕೊಡಿ. ಬೊವೆಲ್‌ಗೆ 1950 ಕೊಟ್ಟರೆ ಇ ಒಂದರ ಒಳಗೆ ಇಳಿಯುತ್ತದೆ. 3ಐಗೆ 1900 ಕೊಟ್ಟರೂ ಇ 6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬರುವಾಗಲೇ ತೆರೆದ ದಾರಿ ಇತ್ತಾ ಅನ್ನುವುದೇ ಕೇಳಬೇಕಾದ ಪ್ರಶ್ನೆ, ಹೋಗುವಾಗಿನದ್ದಲ್ಲ.

ಹಂತ 6: ನಿಮ್ಮೂರಿನ ಆಕಾಶದಲ್ಲಿ ಎಲ್ಲಿದೆ?

ಹೊರೈಜನ್ಸ್ ಪುಟದಲ್ಲೇ ಈಗ "ಅಬ್ಸರ್ವರ್ ಟೇಬಲ್" ಆರಿಸಿ. ವಸ್ತುವಿನ ಹೆಸರು ಕೊಡಿ. ಜಾಗಕ್ಕೆ ನಿಮ್ಮೂರು ಕೊಡಿ, ಪಟ್ಟಿಯಲ್ಲಿ ಇಲ್ಲದಿದ್ದರೆ ಅಕ್ಷಾಂಶ ರೇಖಾಂಶ ಟೈಪ್ ಮಾಡಿ. ಬೆಂಗಳೂರಿಗೆ ಉತ್ತರ 12.97, ಪೂರ್ವ 77.59. ಸಮಯ ಒಂದು ವಾರದ್ದು, ಅರ್ಧ ಗಂಟೆಗೊಂದು ಸಾಲು ಬರುವ ಹಾಗೆ ಇಡಿ. ಕಾಲಂಗಳ ಪಟ್ಟಿಯಲ್ಲಿ ಎಲ್ಲವನ್ನೂ ಟಿಕ್ ಮಾಡಿದರೆ ಕೋಷ್ಟಕ ಓದಲಾಗುವುದಿಲ್ಲ. 1, 3, 4, 9, 20, 23, 29 ಇಷ್ಟೇ ಇಡಿ. ಕ್ರಮವಾಗಿ ಅವು: ಆಕಾಶದ ನಕ್ಷೆಯಲ್ಲಿ ಸ್ಥಾನ, ಚಲಿಸುವ ವೇಗ, ನಿಮ್ಮೂರಿನಿಂದ ದಿಕ್ಕು ಮತ್ತು ಎತ್ತರ, ಕಾಂತಿಮಾನ (ಎಷ್ಟು ಹೊಳಪು ಅನ್ನುವುದು), ದೂರ, ಸೂರ್ಯನಿಂದ ಎಷ್ಟು ಡಿಗ್ರಿ ದೂರ, ಯಾವ ನಕ್ಷತ್ರಪುಂಜ.

ಇನ್ನು ಸಾಲು ಓದುವುದು. ಸಮಯದ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಆಗ ಹಗಲು, ಬಿಟ್ಟುಬಿಡಿ. ಸಿ, ಎನ್, ಎ ಅಕ್ಷರ ಇದ್ದರೆ ಮುಂಜಾವು ಅಥವಾ ಮುಸ್ಸಂಜೆಯ ಬೆಳಕು, ಅದರಲ್ಲಿ ಎ ಅಂದರೆ ಹೆಚ್ಚುಕಡಿಮೆ ಕತ್ತಲೆಯೇ. ಏನೂ ಇಲ್ಲದಿದ್ದರೆ ಪೂರ್ತಿ ರಾತ್ರಿ. ಎತ್ತರ ಮೈನಸ್ ಇದ್ದರೆ ವಸ್ತು ದಿಗಂತದ ಕೆಳಗಿದೆ. 25 ಡಿಗ್ರಿಗಿಂತ ಮೇಲಿದ್ದರೆ ಒಳ್ಳೆಯದು.

ಮುಖ್ಯವಾದ ಮಾತು: ಇಲ್ಲಿನ ಸಮಯ ನಮ್ಮದಲ್ಲ, ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ಐದೂವರೆ ಗಂಟೆ ಕೂಡಿಸಬೇಕು. ಯುಟಿಸಿ ರಾತ್ರಿ 11:30 ಅಂದರೆ ನಮಗೆ ಮರುದಿನ ಬೆಳಗಿನ ಜಾವ 5. ತಾರೀಕೂ ಬದಲಾಗುತ್ತದೆ. ನಾವು ಒಮ್ಮೆ ಇದನ್ನು ಮರೆತು, ಎಪ್ಪತ್ತು ಕಿಲೋಮೀಟರ್ ಹೋಗಿ, ವಸ್ತು ಹುಟ್ಟುವುದಕ್ಕೂ ಮೊದಲೇ ಪೂರ್ವ ದಿಕ್ಕು ನೋಡುತ್ತಾ ನಿಂತಿದ್ದೆವು. ನೋಟ್‌ಬುಕ್‌ನಲ್ಲಿ ಯುಟಿಸಿ ಮತ್ತು ನಮ್ಮ ಸಮಯ ಎರಡನ್ನೂ ಪಕ್ಕಪಕ್ಕ ಬರೆದುಕೊಂಡರೆ ಈ ತೊಂದರೆ ಬರುವುದಿಲ್ಲ.

ಇಷ್ಟೆಲ್ಲ ಬೇಡ ಅನ್ನುವವರು ಸ್ಟೆಲೇರಿಯಂ ಆ್ಯಪ್‌ನಲ್ಲಿ ಹೆಸರು ಹುಡುಕಬಹುದು. ಆದರೆ ಅದರೊಳಗಿನ ಕಕ್ಷೆಯ ಮಾಹಿತಿ ಹಳೆಯದಾಗಿದ್ದರೆ ಸ್ಥಾನ ತಪ್ಪುತ್ತದೆ, ಅಪ್‌ಡೇಟ್ ಮಾಡಿಕೊಳ್ಳಿ.

ಹಂತ 7: ಕಾಣುತ್ತದಾ, ಇಲ್ಲವಾ?

ಕಾಂತಿಮಾನ ಅನ್ನುವ ಸಂಖ್ಯೆ ಜಾಸ್ತಿ ಆದಷ್ಟು ವಸ್ತು ಮಂಕು. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ 6ರವರೆಗೆ, ಬೈನಾಕ್ಯುಲರ್‌ಗೆ 9ರವರೆಗೆ, 8 ಇಂಚಿನ ಟೆಲಿಸ್ಕೋಪ್‌ಗೆ 13ರ ಸುಮಾರಿನವರೆಗೆ ನಕ್ಷತ್ರಗಳು ಸಿಗುತ್ತವೆ. ಧೂಮಕೇತುವಿಗೆ ಇದರಲ್ಲಿ ಒಂದೆರಡು ಕಳೆದುಕೊಳ್ಳಿ. ಅದರ ಬೆಳಕು ಒಂದು ಚುಕ್ಕೆಯಲ್ಲಿ ಇರುವುದಿಲ್ಲ, ಹತ್ತಿಯ ಹಾಗೆ ಹರಡಿಕೊಂಡಿರುತ್ತದೆ.

ಔಮುವಾಮುವಾ ಪತ್ತೆ ಆದಾಗಲೇ 20ರ ಸುಮಾರಿನಲ್ಲಿತ್ತು, ಅದು ನಮ್ಮ ನಿಮ್ಮ ಕೈಗೆ ಸಿಗುವಂಥದ್ದಲ್ಲ. ಬೋರಿಸೋವ್ ಎಷ್ಟು ಹೊಳೆದರೂ 15ರ ಆಸುಪಾಸಿನಲ್ಲೇ ಉಳಿಯಿತು. 3ಐ ಮಾತ್ರ 2025ರ ನವೆಂಬರ್‌ನಲ್ಲಿ 10ರ ಹತ್ತಿರ ಬಂತು. ಅದೃಷ್ಟ ಅಂದರೆ ಅದು.

ನಾವು ನಾಲ್ಕು ಜನ ಕಾರ್ತಿಕ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಬೆಳಗಿನ ಜಾವ ಮೂರೂವರೆಗೆ ಒಬ್ಬ ಸ್ನೇಹಿತನ ಹೊಲದಲ್ಲಿ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟೆವು. ರಾಗಿ ಕೊಯ್ಲು ಆಗಿತ್ತು, ಕೂಳೆಯ ಮೇಲೆಲ್ಲ ಇಬ್ಬನಿ. ಕನ್ಯಾ ರಾಶಿ ಪೂರ್ವದಲ್ಲಿ ಮೇಲೇರುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಐಪೀಸ್ ಮಂಜಾಗುತ್ತಿತ್ತು, ಜೇಬಿನಲ್ಲಿ ಬೆಚ್ಚಗಿಟ್ಟು ಮತ್ತೆ ಹಾಕುತ್ತಿದ್ದೆವು. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಮೊದಲಿಗೆ ಏನೂ ಇಲ್ಲ. ನೇರ ನೋಡುವುದು ಬಿಟ್ಟು ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿದಾಗ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಒಂದು ಸಣ್ಣ ಮಸುಕು. ಟ್ಯೂಬನ್ನು ಮೆಲ್ಲಗೆ ತಟ್ಟಿದರೆ ಅಲುಗಿದಾಗ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರೆ, ಪಕ್ಕದ ಎರಡು ನಕ್ಷತ್ರಗಳಿಗೆ ಹೋಲಿಸಿದಾಗ ಅದು ಸರಿದಿತ್ತು. ನಮ್ಮ ಸೂರ್ಯನೇ ರೂಪುಗೊಳ್ಳುವುದಕ್ಕೂ ಮೊದಲಿನಿಂದ ಅಲೆಯುತ್ತಿರಬಹುದಾದ ಒಂದು ಮಂಜುಗಡ್ಡೆ ನನ್ನ ಕಣ್ಣೆದುರು ಸರಿಯಿತು. ಅದನ್ನು ನಾನು ಮರೆಯುವುದಿಲ್ಲ.

ನೀವು ಮಾಡುವಾಗ ನೆನಪಿಡಬೇಕಾದದ್ದು: ಕನಿಷ್ಠ ಇಪ್ಪತ್ತೈದು ನಿಮಿಷ ಫೋನ್ ನೋಡಬೇಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ. ಅಮಾವಾಸ್ಯೆಯ ಹಿಂದುಮುಂದಿನ ದಿನ ಆರಿಸಿ. ಹೊಲದಲ್ಲಿ ಶೂ ಹಾಕಿಕೊಳ್ಳಿ, ಹೊಲದವರಿಗೆ ಮೊದಲೇ ಹೇಳಿ.

ಹಂತ 8: ಫೋಟೋ ತೆಗೆಯುವವರಿಗೆ

ಚಿಕ್ಕದಾಗಿ ಹೇಳುತ್ತೇನೆ. ಕಾಲಂ 3ರಲ್ಲಿ ವಸ್ತು ಗಂಟೆಗೆ ಎಷ್ಟು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ರಲ್ಲಿ ಒಂದು ಭಾಗ) ಸರಿಯುತ್ತದೆ ಅಂತ ಇರುತ್ತದೆ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಆಕಾಶ ನೋಡುತ್ತದೆ ಅಂತ ತಿಳಿಯಲು ಪಿಕ್ಸೆಲ್‌ನ ಅಳತೆ ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್ ಮಿಲಿಮೀಟರ್‌ನಿಂದ ಭಾಗಿಸಿ. 4 ಮೈಕ್ರಾನ್, 400 ಮಿಲಿಮೀಟರ್ ಆದರೆ ಸುಮಾರು 2 ಆರ್ಕ್‌ಸೆಕೆಂಡ್. ವಸ್ತು ಗಂಟೆಗೆ 180 ಸರಿಯುತ್ತಿದ್ದರೆ ನಿಮಿಷಕ್ಕೆ 3, ಅಂದರೆ 40 ಸೆಕೆಂಡ್‌ಗಿಂತ ಜಾಸ್ತಿ ಎಕ್ಸ್‌ಪೋಷರ್ ಕೊಟ್ಟರೆ ಧೂಮಕೇತು ಎಳೆದುಕೊಳ್ಳುತ್ತದೆ. ಟ್ರ್ಯಾಕಿಂಗ್ ಮೌಂಟ್ ಮೇಲೆ ಸಣ್ಣ ಸಣ್ಣ ಚಿತ್ರ ಬಹಳ ತೆಗೆದು, ಚಿತ್ರ ಜೋಡಿಸುವ ಸಾಫ್ಟ್‌ವೇರ್‌ಗಳಾದ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಧೂಮಕೇತುವನ್ನೇ ಹಿಡಿದು ಜೋಡಿಸಿ. ಆಗ ನಕ್ಷತ್ರಗಳು ಗೆರೆಯಾಗುತ್ತವೆ, ಅದು ಸರಿ.

ಹಂತ 9: ಫಾರ್ವರ್ಡ್ ಬಂದಾಗ ಪರೀಕ್ಷಿಸುವುದು

ಬಡಿಯುತ್ತದೆ ಅಂದರೆ ಮೊದಲು ಹೊರೈಜನ್ಸ್ ತೆಗೆದು ಕಾಲಂ 20 ನೋಡಿ. ಅದರಲ್ಲಿ ಎರಡು ಸಂಖ್ಯೆ. ಮೊದಲನೆಯದು ನಮ್ಮಿಂದ ದೂರ. ಎರಡನೆಯದು ಮೈನಸ್ ಇದ್ದರೆ ಹತ್ತಿರ ಬರುತ್ತಿದೆ, ಪ್ಲಸ್ ಆದರೆ ದೂರ ಹೋಗುತ್ತಿದೆ. ಮೈನಸ್‌ನಿಂದ ಪ್ಲಸ್‌ಗೆ ತಿರುಗುವ ದಿನವೇ ಅತಿ ಹತ್ತಿರದ ದಿನ. 3ಐಗೆ ಅದು 2025ರ ಡಿಸೆಂಬರ್ 19, ದೂರ 1.8 ಖಗೋಳಮಾನ. 14.96 ಕೋಟಿಯಿಂದ ಗುಣಿಸಿ: ಸುಮಾರು 27 ಕೋಟಿ ಕಿಲೋಮೀಟರ್. ದೊಡ್ಡಮ್ಮನಿಗೆ "ಸೂರ್ಯ ಎಷ್ಟು ದೂರ ಇದ್ದಾನೋ ಅದರ ಹತ್ತಿರ ಹತ್ತಿರ ಎರಡರಷ್ಟು ದೂರದಲ್ಲಿ ಹೋಗುತ್ತೆ ದೊಡ್ಡಮ್ಮ" ಅಂತ ಹೇಳಿದೆ. "ಹಂಗಾದ್ರೆ ಸರಿ" ಅಂದರು, ನಿರಾಳವಾಗಿ.

ನೌಕೆ ಅನ್ನುವವರಿಗೆ ಉತ್ತರ ಸ್ವಲ್ಪ ಉದ್ದ. ಔಮುವಾಮುವಾ ನಿಜಕ್ಕೂ ವಿಚಿತ್ರವಾಗಿತ್ತು. ಅದರ ಹೊಳಪು ಹತ್ತು ಪಟ್ಟು ಏರಿಳಿಯುತ್ತಿತ್ತು, ಅಂದರೆ ಆಕಾರ ತುಂಬಾ ಉದ್ದ ಅಥವಾ ತುಂಬಾ ಚಪ್ಪಟೆ. ಬಾಲ ಕಾಣಲಿಲ್ಲ. ಆದರೂ ಗುರುತ್ವದ ಲೆಕ್ಕಕ್ಕಿಂತ ಒಂಚೂರು ಜಾಸ್ತಿ ತಳ್ಳಿಸಿಕೊಂಡು ಹೋಯಿತು ಅಂತ 2018ರಲ್ಲಿ ಗೊತ್ತಾಯಿತು. ಹಾರ್ವರ್ಡ್‌ನ ಖಗೋಳವಿಜ್ಞಾನಿ ಅವಿ ಲೋಬ್ ಅದು ಕೃತಕ ಇರಬಹುದು ಅಂದರು. 2023ರಲ್ಲಿ ಬೇರೆ ಇಬ್ಬರು ವಿಜ್ಞಾನಿಗಳು, ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಬಿಸಿಲಿಗೆ ಹೊರಬಂದರೆ ಅಷ್ಟು ತಳ್ಳು ಸಾಧ್ಯ ಅಂತ ತೋರಿಸಿದರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಅದು ನಮಗೆ ಸಿಕ್ಕಿದ್ದೇ ಕೆಲವು ವಾರ, ವಾಪಸ್ ಹೋಗುವ ದಾರಿಯಲ್ಲಿ.

3ಐ ವಿಷಯದಲ್ಲಿ ಅಷ್ಟು ಗೊಂದಲ ಇಲ್ಲ. ಅದು ಧೂಮಕೇತುವಿನ ಹಾಗೆಯೇ ನಡೆದುಕೊಂಡಿತು. ಜುಲೈನಲ್ಲೇ ಹಬಲ್ ಅದರ ಸುತ್ತ ದೂಳು ಕಂಡಿತು, ಗಟ್ಟಿ ತಿರುಳು 5.6 ಕಿಲೋಮೀಟರ್‌ಗಿಂತ ದೊಡ್ಡದಲ್ಲ ಅಂತ ಅಂದಾಜಾಯಿತು. ಆಗಸ್ಟ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದರಿಂದ ಹೊರಬರುತ್ತಿರುವ ಅನಿಲದಲ್ಲಿ ನೀರಿಗಿಂತ ಇಂಗಾಲದ ಡೈಆಕ್ಸೈಡ್ ಎಂಟು ಪಟ್ಟು ಜಾಸ್ತಿ ಅಂತ ಅಳೆಯಿತು. ಇದೇ ನಿಜವಾದ ಸುದ್ದಿ! ಬೇರೆ ಯಾವುದೋ ನಕ್ಷತ್ರದ ಸುತ್ತ, ತುಂಬಾ ಚಳಿಯ ಜಾಗದಲ್ಲಿ ಅದು ರೂಪುಗೊಂಡಿರಬಹುದು ಅನ್ನುವುದಕ್ಕೆ ಸುಳಿವು. ಡಿಸೆಂಬರ್‌ನಲ್ಲಿ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕವನ್ನು ಅದರತ್ತ ತಿರುಗಿಸಿ ಕೇಳಿದರು, ಕೃತಕ ಸಂಕೇತ ಏನೂ ಸಿಗಲಿಲ್ಲ.

ಬೋರಿಸೋವ್‌ನ ಮೇಲೆ ನಮ್ಮವರೂ ಕೆಲಸ ಮಾಡಿದ್ದಾರೆ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಮತ್ತು ಮೌಂಟ್ ಅಬುವಿನ ದೂರದರ್ಶಕದಿಂದ ಅದರ ಅನಿಲಗಳನ್ನು ಅಳೆದು ಪ್ರಬಂಧ ಬರೆದರು. ಹಾನ್ಲೆಯ ಆ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನಮ್ಮ ಹೊಸಕೋಟೆಯ ಕ್ಯಾಂಪಸ್‌ನಲ್ಲಿ ಕೂತು ಉಪಗ್ರಹದ ಸಂಪರ್ಕದ ಮೂಲಕ. ಫಾರ್ವರ್ಡ್ ಮಾಡಬೇಕಾದರೆ ಇಂಥದ್ದನ್ನು ಮಾಡಿ.

ಹಂತ 10: ಮುಂದಿನದಕ್ಕೆ ತಯಾರಾಗಿ

ಚಿಲಿಯ ಸೆರೋ ಪಚೋನ್‌ನಲ್ಲಿ 8.4 ಮೀಟರ್ ಕನ್ನಡಿಯ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು. ಇಡೀ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ತೆಗೆಯುವುದೇ ಅದರ ಕೆಲಸ, ಹಾಗಾಗಿ ನಾಲ್ಕನೆಯದು ಸಿಗಲು ಹೆಚ್ಚು ಕಾಯಬೇಕಾಗಲಿಕ್ಕಿಲ್ಲ. ಯುರೋಪಿನವರ ಕಾಮೆಟ್ ಇಂಟರ್‌ಸೆಪ್ಟರ್ ನೌಕೆ ಈ ದಶಕದ ಕೊನೆಗೆ ಹೊರಟು, ಬಾಹ್ಯಾಕಾಶದಲ್ಲೇ ಕಾದು ನಿಂತು, ಸರಿಯಾದ ಧೂಮಕೇತು ಬಂದಾಗ ಅದರತ್ತ ಹೋಗುವ ಯೋಜನೆ ಇದೆ.

ನೀವು ಗಮನಿಸಬೇಕಾದ ಜಾಗ ಮೈನರ್ ಪ್ಲಾನೆಟ್ ಸೆಂಟರ್, ಜಗತ್ತಿನ ಎಲ್ಲ ಕಡೆಯಿಂದ ಸಣ್ಣ ಆಕಾಶಕಾಯಗಳ ಅಳತೆ ಬಂದು ಸೇರುವ ಸಂಸ್ಥೆ. ಹೊಸದಾಗಿ ಕಂಡ ವಸ್ತುಗಳು ಮೊದಲು ಅದರ ದೃಢೀಕರಣ ಪಟ್ಟಿಗೆ ತಾತ್ಕಾಲಿಕ ಹೆಸರಿನಲ್ಲಿ ಬರುತ್ತವೆ. 3ಐ ಅಲ್ಲಿದ್ದಾಗ ಅದರ ಹೆಸರು ಎ11ಪಿಎಲ್3ಝಡ್. ಯಾರಿಗೂ ಅರ್ಥವಾಗದ ಆ ಅಕ್ಷರಗಳ ಹಿಂದೆ ಏನಿದೆ ಅಂತ ಒಂದು ದಿನದೊಳಗೆ ಜಗತ್ತಿಗೆ ಗೊತ್ತಾಯಿತು. ಶಾಲಾ ಕಾಲೇಜಿನ ಮಕ್ಕಳಿದ್ದರೆ ಐಎಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಕಾರ್ಯಕ್ರಮಕ್ಕೆ ತಂಡ ಕಟ್ಟಿ ಸೇರಿಸಿ. ಪ್ಯಾನ್‌ಸ್ಟಾರ್ಸ್‌ನ ನಿಜವಾದ ಚಿತ್ರಗಳನ್ನೇ ಕೊಡುತ್ತಾರೆ, ಮಕ್ಕಳು ಅವುಗಳಲ್ಲಿ ಚಲಿಸುವ ಚುಕ್ಕೆ ಹುಡುಕಬೇಕು. ಔಮುವಾಮುವಾ ಸಿಕ್ಕಿದ್ದೂ ಅದೇ ದೂರದರ್ಶಕದ ಚಿತ್ರದಲ್ಲಿ ಅಲ್ವಾ.

4ಐ ಅನ್ನುವ ಹೆಸರು ಕೇಳಿದ ದಿನ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು ಇಷ್ಟನ್ನು ಬರೆಯಿರಿ: ತಾರೀಕು, ಇ, ಕ್ಯೂ, ಬಾಗು, ಟಿಪಿ, ಎಷ್ಟು ದಿನದ ಅಳತೆ. ಒಂದು ವಾರ ಬಿಟ್ಟು ಮತ್ತೆ ಅದೇ ಸಾಲು ಬರೆಯಿರಿ, ಸಂಖ್ಯೆಗಳು ಎಷ್ಟು ಬದಲಾದವು ನೋಡಿ. ಆಮೇಲೆ ಹಂತ 4ರ ಭಾಗಾಕಾರ ಮಾಡಿ. ನನ್ನ ಪುಟದಲ್ಲಿ 26, 32, 58 ಅಂತ ಮೂರು ಸಂಖ್ಯೆ ಒಂದರ ಕೆಳಗೊಂದು ಇವೆ, ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.